ಹುಟ್ಟಿನ ತೂಕವೂ ಹೃದ್ರೋಗವೂ

ಹೃದಯಕ್ಕೆ ರಕ್ತವನ್ನು ಒಯ್ಯುವ ನಾಳಗಳು ಕಿರಿದಾಗಿ ಉಂಟಾಗುವ ರೋಗವನ್ನು ನಾವು ಸಾಮಾನ್ಯವಾಗಿ ನಡುವಯಸ್ಸಿನ ಬೇನೆಯೆಂದು ಎಣಿಸುತ್ತೇವೆ. ಧೂಮಪಾನ, ರಕ್ತದ ಒತ್ತಡ, ಮಧುಮೇಹ ಇವು ಅದಕ್ಕೆ ಕಾರಣಗಳೆಂಬುದು ಸರ್ವವಿದಿತ. ಆದರೆ ಇವೆಲ್ಲಕ್ಕೂ ಮೊದಲು, ತಾಯಿಯ ಗರ್ಭದಲ್ಲಿಯೇ, ಈ ರೋಗಕ್ಕೆ ನೆಲ ಹದವಾಗಿರುತ್ತದೆಯೆ? ಈ ಪ್ರಶ್ನೆಯನ್ನು ಕುರಿತ ಸಂಶೋಧನೆಗಳಲ್ಲಿ ಮುಖ್ಯವಾದುದೊಂದು ನಮ್ಮ ಮೈಸೂರಿನಲ್ಲಿಯೇ ನಡೆದಿದೆ.

ಮೊದಲು ಸುಳಿವು ದೊರೆತದ್ದು ಇಂಗ್ಲೆಂಡಿನಲ್ಲಿ. ಹರ್ಟ್‌ಫರ್ಡ್‌ಷೈರಿನಲ್ಲಿ 1911ರಿಂದ 1930ರವರೆಗೆ ಹುಟ್ಟಿದ 5,654 ಗಂಡಸರ ಶೈಶವದ ದಾಖಲೆಗಳನ್ನು ಡೇವಿಡ್ ಬಾರ್ಕರ್ ಮತ್ತು ಅವರ ಸಹೋದ್ಯೋಗಿಗಳು ಪರಿಶೀಲಿಸಿ, 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟಿದಾಗಲೂ ಒಂದು ವರ್ಷ ತುಂಬಿದಾಗಲೂ ಅತಿ ಕಡಮೆ ತೂಕವಿದ್ದವರಲ್ಲಿ ಹೃದ್ರೋಗದ ಮರಣಗಳು ಅತಿ ಹೆಚ್ಚಾಗಿದ್ದುವು.

ಶಿಶುಗಳು ಸಾಮಾನ್ಯವಾಗಿ ಸಣ್ಣಗೇ ಹುಟ್ಟುವ ನಮ್ಮ ದೇಶಕ್ಕೂ ಈ ಮಾತು ಸಲ್ಲುವುದೆ? ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳಲ್ಲಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳೂ ತಾಯಿಯ ತೂಕವೂ ಉಳಿದುಬಂದಿದ್ದುವು. ಅಲ್ಲಿ 1934ರಿಂದ 1954ರವರೆಗೆ ಹುಟ್ಟಿ, ಆಸ್ಪತ್ರೆಯ ಸಮೀಪದಲ್ಲಿಯೇ ವಾಸವಾಗಿದ್ದ 517 ಮಂದಿಯನ್ನು ಪರೀಕ್ಷಿಸಿದ ವಿವರ 1996ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ಶೇಕಡಾ 11 ಮಂದಿಗೆ ಹೃದ್ರೋಗವಿದ್ದಿತು, 3.1 ಕಿಲೋಗ್ರಾಂ ಅಥವಾ ಹೆಚ್ಚು ತೂಗಿದವರಲ್ಲಿ ಶೇಕಡಾ 3 ಮಂದಿಗೆ ಮಾತ್ರ. ಸಣ್ಣ ಶಿಶುವಾಗಿ ಹುಟ್ಟಿದ್ದು, ತಾಯಿಯೂ ಗರ್ಭಿಣಿಯಾಗಿದ್ದಾಗ 45 ಕಿಲೋಗ್ರಾಮಿಗಿಂತ ಕಡಮೆ ತೂಗಿದ್ದರೆ ಈ ಪ್ರಮಾಣ ಶೇಕಡಾ 20ಕ್ಕೆ ಏರುತ್ತಿತ್ತು.

ಇದರ ಕಾರಣವನ್ನು ಹೀಗೆ ವಿವರಿಸುತ್ತಾರೆ. ಪೋಷಣೆ ಸಾಲದಾದಾಗ ಭ್ರೂಣವು ಮೆದುಳನ್ನು ಕಾಪಾಡಿಕೊಳ್ಳಲು ಇತರ ಅವಯವಗಳ ಪಾಲನ್ನು ತಗ್ಗಿಸುತ್ತದೆ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಘಟಕಗಳ ಸಂಖ್ಯೆ ತಿಂಗಳು ತುಂಬಿದ ಶಿಶುವಿನಲ್ಲಿ ಜನನದ ವೇಳೆಗೇ ನಿಶ್ಚಿತವಾಗಿರುತ್ತದೆ. ಅವು ಕಡಮೆಯಾದರೆ ಮುಂದೆ ರಕ್ತದ ಒತ್ತಡ ಏರಬಹುದು. ಅಪಧಮನಿಗಳಿಗೆ ಹಿಗ್ಗಿ ಕುಗ್ಗುವ ಗುಣವನ್ನು ಕೊಡುವ ಎಲಾಸ್ಟಿನ್ ಎಂಬ ಪ್ರೋಟೀನು ಗರ್ಭದ ಕೊನೆಯ ತಿಂಗಳುಗಳಲ್ಲಿಯೂ ಶೈಶವದಲ್ಲಿಯೂ ಶೇಖರವಾಗುತ್ತದೆ. ಆಮೇಲೆ ಅದರ ಉತ್ಪತ್ತಿ ಅತ್ಯಲ್ಪ.

ಆದರೂ ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ಮೈಸೂರಿನಲ್ಲಿ ರೋಗ ಕಂಡುಬಂದವರು 52 ಮಂದಿ ಮಾತ್ರ. ಪರೀಕ್ಷೆಗೆ ಒಳಗಾದವರು ಬದುಕುಳಿದು ಅದೇ ಊರಿನಲ್ಲಿ ನೆಲಸಿದವರು. ಸಂಬಂಧ ತೋರಿದ ಮಾತ್ರಕ್ಕೆ ಕಾರಣ ಸಿದ್ಧವಾಗದು. ಹುಟ್ಟಿನ ತೂಕವು ಹಣೆಬರಹವೂ ಅಲ್ಲ. ದೆಹಲಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೈಶವದಲ್ಲಿ ಕೃಶರಾಗಿದ್ದು ಅನಂತರ ಬಾಲ್ಯದಲ್ಲಿ ಹೆಚ್ಚು ಮೈತುಂಬಿಕೊಂಡವರಲ್ಲಿ ಮಧುಮೇಹದ ಸಂಭವ ಹೆಚ್ಚು. ಎಂದರೆ ಅಪಾಯವು ಹುಟ್ಟಿನಲ್ಲಿ ಮಾತ್ರವಲ್ಲದೆ ಬೆಳವಣಿಗೆಯ ರೀತಿಯಲ್ಲಿಯೂ ಅಡಗಿದೆ.

ಹೃದ್ರೋಗದ ನಿವಾರಣೆಯನ್ನು ನಲವತ್ತನೆಯ ವಯಸ್ಸಿನಲ್ಲಿ ಆರಂಭಿಸುವುದು ತಡವೆಂಬುದೇ ಇವುಗಳಿಂದ ನಮಗೆ ತಿಳಿದುಬರುವ ಸಂಗತಿ. ಗರ್ಭಿಣಿಯ ಆಹಾರವಷ್ಟೇ ಅಲ್ಲ, ಮುಂದೆ ತಾಯಿಯಾಗಲಿರುವ ಹೆಣ್ಣುಮಗುವಿನ ಇಂದಿನ ಊಟವೂ ಈ ಶಾಸ್ತ್ರದ ವಿಷಯವೇ ಆಗಿದೆ.