ಚಿತ್ರ ಬರೆಯುವುದು ಬೇರೆ, ಕಲಿಸುವುದು ಬೇರೆ

ತಪ್ಪು ಕಲ್ಪನೆ: ಚೆನ್ನಾಗಿ ಚಿತ್ರ ಬರೆಯುವವರು ಚೆನ್ನಾಗಿಯೇ ಕಲಿಸುತ್ತಾರೆ.

ವಾಸ್ತವ: ಕೈ ಪಳಗಿರಬೇಕು, ನಿಜ. ಆದರೆ ಹದಿಮೂರರ ಹುಡುಗಿಯೊಬ್ಬಳು "ನಂಗೆ ಚಿತ್ರ ಬರಲ್ಲ" ಎಂದು ಬಿಳಿ ಹಾಳೆಯ ಮುಂದೆ ಸುಮ್ಮನೆ ಕೂತಾಗ ಮೇಷ್ಟ್ರ ಕೈಚಳಕ ಅವಳನ್ನು ಇನ್ನಷ್ಟು ಹೆದರಿಸೀತು. ಷಿಕಾಗೋ ನಗರದಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕಲಾಶಿಕ್ಷಕಿ ಒಲಿವಿಯಾ ಗೂಡೆ 1995ರಲ್ಲಿ ಶುರುಮಾಡಿದ 'ಸ್ಪೈರಲ್ ವರ್ಕ್‌ಶಾಪ್' ಈ ಹೆದರಿಕೆಗೇ ಮೊದಲು ಕೈಹಾಕಿತು. ಶನಿವಾರಗಳಂದು ನಗರದ ಹದಿಹರೆಯದವರು ಬರುತ್ತಿದ್ದರು. ಅವರಿಗೆ ಪಾಠ ಮಾಡುತ್ತಿದ್ದವರು ಕಲಾಶಿಕ್ಷಕರಾಗಲು ಇನ್ನೂ ಓದುತ್ತಿದ್ದ ವಿದ್ಯಾರ್ಥಿಗಳೇ. ಆರಂಭಕ್ಕೆ ಒಂದು ಆಟ: ಕಾಗದದ ಮೇಲೆ ಮಸಿ ಹನಿಸಿ, ಮಡಚಿ, ಬಿಡಿಸಿ, ಮೂಡಿದ ಆಕೃತಿಯಲ್ಲಿ ಏನು ಕಾಣುತ್ತದೆಂದು ಹುಡುಕುವುದು. ಇದರಲ್ಲಿ ಯಾರೂ ತಪ್ಪು ಮಾಡಲು ಸಾಧ್ಯವಿಲ್ಲ.

ತಪ್ಪು ಕಲ್ಪನೆ: ರೇಖೆ, ಬಣ್ಣ, ಸಮತೋಲನ, ಲಯ ಕಲಿಸಿದರೆ ಪಠ್ಯ ಮುಗಿಯಿತು.

ವಾಸ್ತವ: ಈ ಪಟ್ಟಿಯ ಬೇರು ಅಮೆರಿಕದ ಕಲಾಶಿಕ್ಷಕ ಆರ್ಥರ್ ವೆಸ್ಲಿ ಡೌ 1899ರಲ್ಲಿ ಪ್ರಕಟಿಸಿದ ಪುಸ್ತಕದಂಥ ಬರಹಗಳಲ್ಲಿದೆ. ಜಾಹೀರಾತು, ವಿಡಿಯೊಗಳ ನಡುವೆ ಬೆಳೆಯುವ ಮಕ್ಕಳಿಗೆ ಅಷ್ಟು ಸಾಲದು ಎಂದು ಗೂಡೆ 2004ರ ಪ್ರಬಂಧದಲ್ಲಿ ವಾದಿಸಿದರು. ಇರುವ ಚಿತ್ರವನ್ನೇ ಎತ್ತಿಕೊಂಡು ಬೇರೆ ಸಂದರ್ಭದಲ್ಲಿಡುವುದು, ಮಾತನ್ನೂ ಚಿತ್ರವನ್ನೂ ಬೆರೆಸುವುದು, ಯಾರು ಯಾರನ್ನು ಹೇಗೆ ನೋಡುತ್ತಾರೆಂದು ಕೇಳಿಕೊಳ್ಳುವುದು, ಇವೂ ಪಾಠವಾಗಬೇಕು ಎಂದರು. ನನಗೂ ಇದು ಸರಿಯೆನಿಸುತ್ತದೆ.

ತಪ್ಪು ಕಲ್ಪನೆ: ವಿಶ್ವವಿದ್ಯಾಲಯ ಕೊಡುತ್ತದೆ, ಬಡ ಬಡಾವಣೆ ಪಡೆಯುತ್ತದೆ.

ವಾಸ್ತವ: ಷಿಕಾಗೋದ ಚರಿತ್ರೆ ಹೇಳುವುದೇ ಬೇರೆ. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ವಲಸೆಗಾರರ ಕೇರಿಯಲ್ಲಿ 'ಹಲ್ ಹೌಸ್' ಎಂಬ ಸಮುದಾಯ ಕೇಂದ್ರ ತೆರೆದರು. ಅಲ್ಲಿ ಕಲಾ ಗ್ಯಾಲರಿ ಬಂತು. ಶಾಲೆಗಳಿಗೆ ಚಿತ್ರಗಳನ್ನು ಒದಗಿಸಲು ಸ್ಟಾರ್ 1894ರಲ್ಲಿ ಸಂಘವನ್ನೇ ಕಟ್ಟಿದರು. 1960ರ ದಶಕದಲ್ಲಿ ಇದೇ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗಾಗಿ ಆ ಕೇರಿಯ ಮನೆಗಳನ್ನು ಕೆಡವಲಾಯಿತು. ಫ್ಲಾರೆನ್ಸ್ ಸ್ಕಾಲಾ ಮುಂದಾಳತ್ವದಲ್ಲಿ ನಿವಾಸಿಗಳು ಸುಪ್ರೀಂ ಕೋರ್ಟ್‌ವರೆಗೆ ಹೋರಾಡಿ ಸೋತರು. ಹಲ್ ಹೌಸ್ ಸಮುಚ್ಚಯದಲ್ಲಿ ಉಳಿದದ್ದು ಎರಡೇ ಕಟ್ಟಡ. ಹಾಗಾಗಿ ಕೇರಿಯ ಋಣ ಆ ಕ್ಯಾಂಪಸ್ಸಿನ ಮೇಲಿದೆ.

ಕಲಿಸುವ ವಿಷಯದಲ್ಲೂ ಬೀದಿ ಮುಂದಿತ್ತು. 1967ರಲ್ಲಿ ದಕ್ಷಿಣ ಷಿಕಾಗೋದ ಕಪ್ಪು ಕಲಾವಿದರು ಹಳೆಯ ಕಟ್ಟಡವೊಂದರ ಗೋಡೆಯ ಮೇಲೆ ತಮ್ಮ ನಾಯಕರನ್ನೂ ಸಂಗೀತಗಾರರನ್ನೂ ಕ್ರೀಡಾಪಟುಗಳನ್ನೂ ಬರೆದು ಅದನ್ನು 'ಗೌರವದ ಗೋಡೆ' ಎಂದು ಕರೆದರು. ಬೆಂಕಿ ಬಿದ್ದ ಮೇಲೆ ಆ ಕಟ್ಟಡವೇ ಹೋಯಿತು. ಆದರೆ ಅದರ ಕಲಾವಿದರಲ್ಲೊಬ್ಬರಾದ ವಿಲಿಯಂ ವಾಕರ್ ಮುಂದೆ ಇತರರೊಂದಿಗೆ ಸೇರಿ ಭಿತ್ತಿಚಿತ್ರಕಾರರ ಸಂಘ ಕಟ್ಟಿದರು. ಗೂಡೆ ಆ ಪರಂಪರೆಯಲ್ಲೇ ಕೆಲಸ ಮಾಡಿದವರು.

ತಪ್ಪು ಕಲ್ಪನೆ: ಕೊನೆಯ ಸೆಮಿಸ್ಟರ್‌ನಲ್ಲಿ ಶಿಕ್ಷಕರಾಗುವವರಿಗೆ ಒಂದಿಷ್ಟು ಬೋಧನಾಭ್ಯಾಸವಾದರೆ ಸಾಕು.

ವಾಸ್ತವ: ಸಾಲದು. ಸ್ಪೈರಲ್‌ನಲ್ಲಿ ವಿದ್ಯಾರ್ಥಿಗಳು ತಂಡವಾಗಿ ಪಾಠ ಕಟ್ಟಿ, ತಂಡವಾಗಿಯೇ ಕಲಿಸಿದರು. ವರ್ಕ್‌ಶಾಪ್ 2012ರವರೆಗೆ ನಡೆಯಿತು. ಅಲ್ಲಿ ರೂಪುಗೊಂಡ ಪಾಠಗಳನ್ನು ಬೇರೆ ಶಿಕ್ಷಕರೂ ಬಳಸಲೆಂದು ಮುಕ್ತವಾಗಿ ಹಂಚಿದರು.