ಎರಡು ಗಣಕಯಂತ್ರ, ಒಂದೇ ಲೆಕ್ಕ

ಪರಸ್ಥಳದಲ್ಲಿ ನೆಲೆಸಿ ಹೋಟೆಲು, ಅಂಗಡಿ, ಸಂಘ-ಸಂಸ್ಥೆಗಳನ್ನು ನಡೆಸುತ್ತಿರುವ ನಮ್ಮವರಲ್ಲಿ ಹಲವರಿಗೆ ಇಂದು ಎರಡು ಗಣಕಯಂತ್ರಗಳೊಡನೆ ವ್ಯವಹಾರ ಬಂದೊದಗಿದೆ. ಒಂದು ಗಲ್ಲೆಯ ಬಳಿ, ಇನ್ನೊಂದು ಮನೆಯಲ್ಲಿ. ಇವೆರಡರ ನಡುವಣ ದೂತನೇ ಜೇಬಿನೊಳಗಿನ ಪೆನ್‌ಡ್ರೈವ್. ಅಂತರ್ಜಾಲದ ಮೂಲಕ ಈ ಕಾರ್ಯವನ್ನು ಸಾಧಿಸುವ ಅನುಕೂಲಗಳು ಇದ್ದರೂ, ತಮ್ಮ ಲೆಕ್ಕಪತ್ರಗಳನ್ನು ಪರರ ಉಗ್ರಾಣದಲ್ಲಿಡಲು ಒಪ್ಪದವರು ಈ ದೂತನನ್ನೇ ನಂಬಿದ್ದಾರೆ. ಅಂಥವರಿಗಾಗಿ ಈ ನಾಲ್ಕು ಮಾತು.

ಸಂಘವೊಂದರ ಕಾರ್ಯದರ್ಶಿಯನ್ನು ಕಲ್ಪಿಸಿಕೊಳ್ಳೋಣ. ಸೋಮವಾರ ಕಚೇರಿಯಲ್ಲಿ ಸದಸ್ಯರ ಪಟ್ಟಿಗೆ ಹತ್ತು ಹೊಸ ಹೆಸರುಗಳನ್ನು ಸೇರಿಸಿ, ಪೆನ್‌ಡ್ರೈವಿಗೆ ಹಾಕಿಕೊಳ್ಳದೆ ಮನೆಗೆ ಹೋಗುತ್ತಾರೆ. ರಾತ್ರಿ ಮನೆಯಲ್ಲಿದ್ದ ಭಾನುವಾರದ ಪಟ್ಟಿಯಲ್ಲಿ ವಿಳಾಸಗಳನ್ನು ತಿದ್ದುತ್ತಾರೆ. ಮರುದಿನ ಅದನ್ನು ಕಚೇರಿಗೆ ತಂದು, ಹಳೆಯದನ್ನು ಅಳಿಸಬಹುದೇ ಎಂದು ಯಂತ್ರ ಕೇಳಿದಾಗ ಹೌದೆನ್ನುತ್ತಾರೆ. ಹತ್ತು ಹೆಸರುಗಳೂ ಮಾಯವಾದುವು! ಮಹಾಸಭೆಯ ಸೂಚನಾಪತ್ರ ಆ ಹತ್ತು ಮಂದಿಗೆ ತಲುಪುವುದಿಲ್ಲ. ಸಂಘಗಳಲ್ಲಿ ಮನಸ್ತಾಪ ಹುಟ್ಟಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ?

ಹೊಸ ತಾರೀಖಿನ ಕಡತವನ್ನೇ ಉಳಿಸಿಕೊಂಡರೆ ಸಾಲದೇ ಎಂದು ಕೇಳುವವರುಂಟು. ಸಾಲದು. ಮೇಲಿನ ಉದಾಹರಣೆಯಲ್ಲಿ ಮನೆಯ ಪಟ್ಟಿಯ ತಾರೀಖೇ ಹೊಸದು. ಎರಡೂ ಕಡೆ ಬದಲಾವಣೆಯಾಗಿರುವುದನ್ನು ಗುರುತಿಸಿ ಎಚ್ಚರಿಸುವ ವ್ಯವಸ್ಥೆಯೇ ನಮಗೆ ಬೇಕಾದುದು.

ಈ ತೊಡಕು ಹೊಸದಲ್ಲ. ೧೯೯೫ರಲ್ಲಿ ಬಂದ ವಿಂಡೋಸ್ ೯೫ ಇದಕ್ಕೆಂದೇ ‘ಬ್ರೀಫ್‌ಕೇಸ್’ ಎಂಬ ಸಾಧನವನ್ನು ಒದಗಿಸಿತ್ತು. ೨೦೧೫ರ ವಿಂಡೋಸ್ ೧೦ರ ವೇಳೆಗೆ ಅದು ಬಳಕೆಯಿಂದ ಮರೆಯಾಯಿತು. ವಿಂಡೋಸಿನೊಡನೆಯೇ ಬರುವ ‘ರೋಬೋಕಾಪಿ’ ಎಂಬ ಆಜ್ಞೆ ಇಂದಿಗೂ ಇದೆ. ಆದರೆ ಅದು ಒಮ್ಮುಖದ ಸಾಗಾಟ. ಇಮ್ಮುಖದ ಕೆಲಸಕ್ಕೆ ‘ಫ್ರೀಫೈಲ್‌ಸಿಂಕ್’ ಯೋಗ್ಯವಾದುದು. ಕಳೆದ ಬಾರಿ ಎರಡೂ ಕಡೆ ಏನಿತ್ತೆಂಬುದನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಒಂದೇ ಕಡೆ ಬದಲಾಗಿದ್ದರೆ ಅದನ್ನು ಇನ್ನೊಂದು ಕಡೆಗೆ ಒಯ್ಯುತ್ತದೆ; ಎರಡೂ ಕಡೆ ಬದಲಾಗಿದ್ದರೆ ತಾನಾಗಿ ತೀರ್ಮಾನಿಸದೆ ನಮ್ಮ ಮುಂದಿಡುತ್ತದೆ. ಆಗ ಎರಡನ್ನೂ ತೆರೆದು ಒಂದುಗೂಡಿಸುವುದು ಮನುಷ್ಯನ ಕೆಲಸ.

ಹೋಟೆಲಿನಲ್ಲಿ ಗಲ್ಲೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವಹಿಸುವಾಗ ಇಬ್ಬರ ಸಮಕ್ಷಮದಲ್ಲಿ ಎಣಿಸುವುದು ರೂಢಿ. ಇಲ್ಲಿಯೂ ಮೊದಲು ‘ಹೋಲಿಕೆ’, ಪಟ್ಟಿಯನ್ನು ಕಣ್ಣಾರೆ ಕಂಡಮೇಲೆಯೇ ಸಾಗಾಟ. ಕುಳಿತೊಡನೆ ಒಮ್ಮೆ, ಏಳುವ ಮುನ್ನ ಒಮ್ಮೆ ಪೆನ್‌ಡ್ರೈವಿನೊಡನೆ ಸರಿಹೊಂದಿಸುವ ಅಭ್ಯಾಸವಿರಬೇಕು.

ಎಲ್ಲವನ್ನೂ ಹೊರಬೇಕಾಗಿಲ್ಲ. ಲೆಕ್ಕ, ಪಟ್ಟಿ, ಪತ್ರವ್ಯವಹಾರಗಳನ್ನು ಒಂದು ಕೋಶದಲ್ಲಿಟ್ಟು ಅದನ್ನಷ್ಟೇ ಆರಿಸಿದರೆ ಸಾಕು. ಮದುವೆಯ ಚಿತ್ರಗಳೂ ಚಲನಚಿತ್ರಗಳೂ ಮನೆಯಲ್ಲೇ ಇರಲಿ. ಆದರೆ ಟ್ಯಾಲಿಯಂಥ ಲೆಕ್ಕದ ತಂತ್ರಾಂಶದ ದತ್ತಾಂಶವು ಅನೇಕ ಕಡತಗಳ ಕಟ್ಟು. ಅದರಿಂದ ಒಂದೆರಡನ್ನು ಹೆಕ್ಕದೆ, ತಂತ್ರಾಂಶವನ್ನು ಮುಚ್ಚಿದ ಬಳಿಕ ಇಡಿಯಾಗಿ ಒಯ್ಯತಕ್ಕದ್ದು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದ ಕನ್ನಡ ಕಡತಗಳು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಓದಲು ಬಾರವು; ಯೂನಿಕೋಡಿನಲ್ಲಿ ಬರೆಯುವುದೇ ಲೇಸು.

ಇನ್ನು ಕೆಲವು ಎಚ್ಚರಿಕೆಗಳು. ಎರಡೂ ಯಂತ್ರಗಳ ಗಡಿಯಾರ ಸರಿಯಾಗಿರಬೇಕು. ಎಫ್‌ಎಟಿ೩೨ ಪದ್ಧತಿಯ ಪೆನ್‌ಡ್ರೈವು ೪ ಜಿಬಿಯಷ್ಟು ದೊಡ್ಡ ಕಡತವನ್ನು ಸ್ವೀಕರಿಸದು. ತಿದ್ದಿದ ವೇಳೆಯನ್ನು ಎರಡು ಸೆಕೆಂಡುಗಳ ಅಳತೆಯಲ್ಲಿ ಮಾತ್ರ ಬರೆದುಕೊಳ್ಳುವುದರಿಂದ, ಬದಲಾಗದ ಕಡತವೂ ಬದಲಾದಂತೆ ತೋರಬಹುದು. ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಈ ತೊಂದರೆಗಳಿಲ್ಲ. ಪೆನ್‌ಡ್ರೈವನ್ನು ಕೀಳುವ ಮುನ್ನ ಯಂತ್ರದ ಅನುಮತಿ ಪಡೆಯಬೇಕು. ಲೋಕಲ್ ರೈಲಿನ ಜನಜಂಗುಳಿಯಲ್ಲಿ ಅದು ಜಾರಿ ಬಿದ್ದರೆ ಸದಸ್ಯರೆಲ್ಲರ ವಿಳಾಸಗಳೂ ಪರರ ಪಾಲು! ‘ಬಿಟ್‌ಲಾಕರ್’ ಅಥವಾ ‘ವೆರಾಕ್ರಿಪ್ಟ್’ನಿಂದ ಬೀಗ ಹಾಕಿಡುವುದು ಕರ್ತವ್ಯ.

ಕೊನೆಯದಾಗಿ, ಸರಿಹೊಂದಿಸುವುದೆಂದರೆ ಜೋಪಾನಮಾಡಿದಂತಲ್ಲ. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ. ಆದುದರಿಂದ ತಿಂಗಳಿಗೊಮ್ಮೆ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಇಳಿಸಿ ಕಪಾಟಿನಲ್ಲಿಡತಕ್ಕದ್ದು. ಹತ್ತು ಜನರ ಹಣ ಮತ್ತು ಹೆಸರನ್ನು ಕೈಯಲ್ಲಿ ಹಿಡಿದಿರುವ ನಮ್ಮ ಸಂಘಗಳ ಕಾರ್ಯದರ್ಶಿಗಳೂ ಕೋಶಾಧಿಕಾರಿಗಳೂ ಇದನ್ನು ಇಂದೇ ಆರಂಭಿಸಲೆಂದು ಹಾರೈಸುತ್ತೇವೆ.