ಮೊದಲ ಹೊಲಿಗೆ ಪೈಜಾಮವೇ ಏಕೆ?

ನಮ್ಮ ಟ್ರಸ್ಟಿನ ಹೊಲಿಗೆ ತರಗತಿಯಲ್ಲಿ ಮೊದಲ ವಾರ ಕಲಿಸುವುದು ರವಿಕೆಯನ್ನಲ್ಲ, ಪೈಜಾಮವನ್ನು. "ರವಿಕೆ ಕಲಿತರೆ ನಾಲ್ಕು ಕಾಸು ಸಿಗುತ್ತದೆ, ಪೈಜಾಮಕ್ಕೆ ಯಾರು ಕೂಲಿ ಕೊಡುತ್ತಾರೆ?" ಎಂದು ಹಿತೈಷಿಗಳು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ.

ರವಿಕೆ ಕಾಲು ಇಂಚಿನ ವ್ಯತ್ಯಾಸವನ್ನೂ ಸಹಿಸುವುದಿಲ್ಲ. ಕಂಕುಳ ಸುತ್ತು, ಟಕ್ಸ್, ತೋಳು, ಹುಕ್ಕು ಎಲ್ಲವೂ ಸರಿ ಕೂರಬೇಕು. ಹೊಸಬರು ಎರಡು ರವಿಕೆ ಕೆಡಿಸಿದರೆ ಮೂರನೆಯದಕ್ಕೆ ಬಟ್ಟೆ ಕೇಳಲು ಮನೆಯಲ್ಲಿ ಬಾಯಿ ಬರುವುದಿಲ್ಲ. ನೆರವಾಗಿ ಪಡೆದ ಮೆಷಿನ್ ಮುಸುಕು ಹೊದ್ದು ಮೂಲೆ ಸೇರುವುದು ಹೀಗೆಯೇ. ಪೈಜಾಮಕ್ಕೆ ಕಾಲರಿಲ್ಲ, ತೋಳಿಲ್ಲ, ಜಿಪ್ ಇಲ್ಲ. ಇರುವುದು ಎರಡೇ ತುಂಡು. ಸೊಂಟ ಅರ್ಧ ಇಂಚು ಹೆಚ್ಚುಕಡಿಮೆಯಾದರೂ ಲಾಡಿ ಎಳೆದಾಗ ನೆರಿಗೆಯೊಳಗೆ ಮುಚ್ಚಿಹೋಗುತ್ತದೆ. ಬೆಳಿಗ್ಗೆ ಕತ್ತರಿಸಿದ್ದು ಅಸರ್ ಹೊತ್ತಿಗೆ ಮಗುವಿನ ಮೈಮೇಲಿರುತ್ತದೆ. ಮರುದಿನವೂ ಮೆಷಿನಿನ ಮುಂದೆ ಕೂರಿಸುವುದು ಆ ಖುಷಿಯೇ, ನಮ್ಮ ಉಪದೇಶವಲ್ಲ.

ಹೆಸರು ಪಾರಸಿಯದು. 'ಪಾಯ್' ಎಂದರೆ ಕಾಲು, 'ಜಾಮಾ' ಎಂದರೆ ಉಡುಪು. ಇಂಗ್ಲಿಷರು ಇಲ್ಲಿಂದಲೇ ಹೆಸರನ್ನೂ ಉಡುಪನ್ನೂ ಕೊಂಡೊಯ್ದು ಮಲಗುವ ಬಟ್ಟೆ ಮಾಡಿಕೊಂಡರು. ನಮ್ಮಲ್ಲಿ ಅದು ಮದ್ರಸಕ್ಕೂ ಸೈ, ಮದುವೆಗೂ ಸೈ.

44 ಇಂಚು ಅಗಲದ ಹತ್ತಿ ಬಟ್ಟೆಯಾದರೆ ಏಳೆಂಟು ವರ್ಷದ ಮಗುವಿಗೆ ಸುಮಾರು 1 ಮೀಟರ್, ದೊಡ್ಡವರಿಗೆ 2.5 ಮೀಟರ್ ಬೇಕು. ಮೊದಲು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ. ಹತ್ತಿ ಕುಗ್ಗುತ್ತದೆ, ಹೊಲಿದ ಮೇಲೆ ಕುಗ್ಗಿದರೆ ಮಾಡುವುದೇನೂ ಇಲ್ಲ. ಅಳತೆಗೆ ಚೆನ್ನಾಗಿ ಕೂರುವ ಹಳೆಯ ಪೈಜಾಮವೇ ಸಾಕು. ಅದರ ಒಂದು ಕಾಲನ್ನು ಇನ್ನೊಂದರ ಮೇಲೆ ಮಡಚಿ, ಹೊರಬದಿಯನ್ನು ಹೊಸ ಬಟ್ಟೆಯ ಮಡಿಕೆಗೆ ಸರಿಯಾಗಿಟ್ಟು ಚಾಕ್‌ನಿಂದ ಗೆರೆ ಎಳೆಯಿರಿ. ಸೊಂಟದಲ್ಲಿ ಇಲಾಸ್ಟಿಕ್ ಇದ್ದರೆ ಪೂರ್ತಿ ಎಳೆದು ಹಿಡಿಯಬೇಕು. ಹೊಲಿಗೆಗೆ ಅರ್ಧ ಇಂಚು, ಮೇಲೆ ಲಾಡಿಗೆ 2 ಇಂಚು, ಕೆಳಗೆ ಮಡಿಕೆಗೆ ಒಂದೂವರೆ ಇಂಚು ಬಿಟ್ಟು ಕತ್ತರಿಸಿ.

ಹಿಂಭಾಗದ ಬಾಗು ಮುಂಭಾಗಕ್ಕಿಂತ ಅಗಲವಾಗಿಯೂ ಎತ್ತರವಾಗಿಯೂ ಇರಬೇಕು. ಚಕ್ಕಳಮಕ್ಕಳ ಕೂತಾಗ, ರುಕೂ ಸುಜೂದಿಗೆ ಬಾಗಿದಾಗ ಬಟ್ಟೆ ಬೇಕಾಗುವುದು ಹಿಂದೆಯೇ. ಅಂಗಡಿಯ ಅಗ್ಗದ ಪೈಜಾಮ ಅಲ್ಲೇ ಹರಿಯಲು ಇದೂ ಒಂದು ಕಾರಣ.

ಇನ್ನು ಹೊಲಿಗೆ. ಪ್ರತಿ ಕಾಲಿನ ಒಳಬದಿಯನ್ನು ಮೊದಲು ಬೇರೆಬೇರೆಯಾಗಿ ಹೊಲಿಯಿರಿ. ಒಂದು ಕಾಲನ್ನು ಸರಿಬದಿಗೆ ತಿರುಗಿಸಿ ಇನ್ನೊಂದರ ಒಳಗೆ ತೂರಿಸಿ. ಎರಡರ ಸರಿಬದಿಗಳೂ ಒಂದಕ್ಕೊಂದು ತಾಗಬೇಕು. ಮುಂದಿನಿಂದ ಹಿಂದಿನವರೆಗೆ ಬಾಗನ್ನು ಒಂದೇ ಓಟದಲ್ಲಿ ಹೊಲಿದು, ಅದರ ಮೇಲೆಯೇ ಇನ್ನೊಂದು ಹೊಲಿಗೆ ಹಾಕಿ. ಒಳಗಿನ ಕಾಲನ್ನು ಹೊರಗೆಳೆದಾಗ ಪೈಜಾಮ ಇಡಿಯಾಗಿ ಎದುರಿಗೆ ಬರುತ್ತದೆ. ತರಗತಿಯಲ್ಲಿ ನಗು ಕೇಳುವುದು ಆ ಗಳಿಗೆಯಲ್ಲೇ. ಉಳಿದದ್ದು ಸುಲಭ: ಸೊಂಟವನ್ನು ಮಡಚಿ ಹೊಲಿಯುವಾಗ ಒಂದಿಂಚು ಬಿಟ್ಟು, ಲಾಡಿಗೆ ಪಿನ್ನು ಚುಚ್ಚಿ ಪೋಣಿಸುವುದು, ಕೆಳಗಿನ ಅಂಚು ಮಡಚುವುದು.

ಬೀಡಿ ಕಟ್ಟುವ ಸಹೋದರಿಯರು ಇದನ್ನು ಬೇಗ ಹಿಡಿಯುತ್ತಾರೆ. ತಗಡಿನ ಅಳತೆ ಇಟ್ಟು ಎಲೆ ಕತ್ತರಿಸಿ ಪಳಗಿದ ಕೈಗೆ ಕತ್ತರಿ ಹೊಸದಲ್ಲ. ಅವರಲ್ಲಿ ಕೆಲವರಿಗೆ ತಮ್ಮದೆಂದು ತೋರಿಸಬಹುದಾದ ಒಂದು ವಸ್ತು ಕೈಗೆ ಬರುವುದು ಇದೇ ಮೊದಲು. ಕಟ್ಟಿದ ಬೀಡಿ ಸಂಜೆಗೆ ಬುಟ್ಟಿಯಲ್ಲಿ ಹೊರಟುಹೋಗುತ್ತದೆ, ಪೈಜಾಮ ಮನೆಯಲ್ಲೇ ಉಳಿಯುತ್ತದೆ. ಕೂಲಿಯ ಮಾತಿಗೆ ಬಂದರೆ, ಮೂರು ಮಕ್ಕಳ ಮನೆಯಲ್ಲಿ ಈದ್‌ಗೆ ದರ್ಜಿಗೆ ಕೊಡುವ ಹಣ ಉಳಿದರೆ ಅದೂ ಗಳಿಕೆಯೇ. ರವಿಕೆಯನ್ನು ಎರಡನೇ ತಿಂಗಳಲ್ಲಿ ಕಲಿಸುತ್ತೇವೆ. ಆಗ ಯಾರೂ ಹೆದರುವುದಿಲ್ಲ.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರ ತಾಯಂದಿರು, ಅಕ್ಕತಂಗಿಯರು ತರಗತಿಗೆ ಸೇರಬಯಸಿದರೆ ಅದೇ ಅರ್ಜಿಯಲ್ಲಿ ತಿಳಿಸಬಹುದು. ಅರ್ಜಿಯ ತೀರ್ಮಾನಕ್ಕೂ ತರಗತಿಗೂ ಸಂಬಂಧವಿಲ್ಲ. ಬರುವಾಗ ಒಂದು ಹಳೆಯ ಪೈಜಾಮ ತನ್ನಿ. ದಾರ, ಸೂಜಿ, ಚಾಕ್ ನಮ್ಮಲ್ಲಿವೆ.